ಜರ್ಮನಿಗೆ ಹೋದ ಭಾವ

ಅಕ್ಕ ಕಾಲಿಂಗ್ ಬೆಲ್ಲಿನ ಸೆಲ್ ತೆಗೆದು ಸಕ್ಕರೆ ಡಬ್ಬಿಯ ಪಕ್ಕ ಇಟ್ಟಿದ್ದಳು. ಆ ಶನಿವಾರ ಕೊವೆಂಟ್ರಿಯ ಅವಳ ಮನೆಯ ಮುಂದೆ ನಿಂತು ಬೆಲ್ ಒತ್ತಿ ಒತ್ತಿ, ಕೊನೆಗೆ ಫೋನ್ ಮಾಡಿದೆ. ಪರದೆಯನ್ನು ಬೆರಳಿನಷ್ಟು ಸರಿಸಿ ನೋಡಿದ ಮೇಲೆಯೇ ಬಾಗಿಲು ತೆಗೆದಳು.

"ಯಾರಿಗೆ ಹೆದರ್ತಾ ಇದೀಯ?"

"ಕೋರ್ಟಿನಿಂದ ಜಪ್ತಿಗೆ ಬೇಲಿಫ್ ಬರ್ತಾರಂತೆ ಕಣೇ. ಕಾರು ಎತ್ಕೊಂಡು ಹೋಗ್ತಾರಂತೆ."

ಅಕ್ಕ ಫಿಸಿಯೋಥೆರಪಿಸ್ಟ್. ಸೊಂಟ ಮುರಿದುಕೊಂಡು ಆಸ್ಪತ್ರೆಯಿಂದ ಮನೆಗೆ ಬಂದ ಮುದುಕರನ್ನು ಅವರವರ ಮನೆಯಲ್ಲೇ ನಡೆಸುವುದು ಅವಳ ಕೆಲಸ. ಕಾರಿಲ್ಲದಿದ್ದರೆ ಆ ಕೆಲಸವೂ ಇಲ್ಲ. ಕಾರು ಭಾವನ ಹೆಸರಿನಲ್ಲಿತ್ತು, ಬೇಲಿಫ್ ಬರುವಂತೆ ಮಾಡಿದ ಸಾಲವೂ ಅವರದೇ.

ಭಾವ ಕಾರು ಕಂಪನಿಯೊಂದರಲ್ಲಿ ಎಂಜಿನಿಯರ್. ವಾರಾಂತ್ಯಗಳಲ್ಲಿ ಅವರಿಗೆ ಇನ್ನೆರಡು ಕೆಲಸಗಳಿದ್ದವು. ಒಂದು, ನಮ್ಮ ಕಡೆಯವರ ನಾಮಕರಣ, ಗೃಹಪ್ರವೇಶಗಳಿಗೆ ಫೋಟೋ ತೆಗೆಯುವುದು. ಅದಕ್ಕಾಗಿ ಸಾಲ ಮಾಡಿ ಎರಡು ದೊಡ್ಡ ಕ್ಯಾಮೆರಾ ಕೊಂಡಿದ್ದರು. ಫೋಟೋದ ಸಂಪಾದನೆಯಲ್ಲಿ ಕಂತು ತಪ್ಪದೆ ಹೋಗುತ್ತಿತ್ತು. ಇನ್ನೊಂದನ್ನು ಯಾರಿಗೂ ಹೇಳಿರಲಿಲ್ಲ. ಅವರು ಸೈನ್ಯದ ರಿಸರ್ವ್ ದಳದಲ್ಲಿದ್ದರು. ತಮ್ಮ ತಮ್ಮ ನೌಕರಿ ಮಾಡಿಕೊಂಡೇ ಬಿಡುವಿನಲ್ಲಿ ತರಬೇತಿ ಪಡೆಯುವ ಅರೆಕಾಲಿಕ ಸೈನಿಕರ ದಳ ಅದು. ಬೇಕೆನಿಸಿದಾಗ ಸೈನ್ಯ ಪೂರ್ಣಾವಧಿಗೆ ಕರೆಸಿಕೊಳ್ಳುತ್ತದೆ. ಆ ಬೇಸಿಗೆಯಲ್ಲಿ ಭಾವನನ್ನು ಕರೆಸಿಕೊಂಡು, ವಾಹನ ರಿಪೇರಿಗೆಂದು ಸೈಪ್ರಸ್‌ಗೆ ಕಳಿಸಿದ್ದರು.

ನಮ್ಮ ಬಳಗದಲ್ಲಿ ಡಾಕ್ಟರುಗಳಿದ್ದರು, ಐಟಿಯವರಿದ್ದರು. ಸೈನಿಕರ ಬಗ್ಗೆ ಎಲ್ಲರಿಗೂ ಗೌರವವೇ, ಆದರೆ ಯಾರ ಅಳಿಯನೂ ಸೈನಿಕನಾಗಿರಲಿಲ್ಲ. ಮೈಸೂರಿನಲ್ಲಿದ್ದ ಭಾವನ ತಾಯಿಗೆ ತಿಳಿದರೆ ಊಟ ಬಿಡುತ್ತಾರೆಂಬ ಭಯ ಬೇರೆ. ಹೀಗಾಗಿ ಗಂಡ ಹೆಂಡತಿ ಮಾತಾಡಿಕೊಂಡು, ಕಂಪನಿ ಜರ್ಮನಿಗೆ ಕಳಿಸುತ್ತಿದೆ ಎಂದು ನನಗೂ ಸೇರಿಸಿ ಎಲ್ಲರಿಗೂ ಹೇಳಿದ್ದರು. ನಿಜ ನನಗೆ ತಿಳಿದದ್ದು ಆ ಶನಿವಾರವೇ.

ಸಂಬಳದ ನಷ್ಟವನ್ನು ಸೈನ್ಯ ತುಂಬಿಕೊಟ್ಟಿತು. ಫೋಟೋದ ಹಣ ನಿಂತಿತು, ಅದರ ಹಿಂದೆಯೇ ಕಂತು. ಸಾಲ ಕೊಟ್ಟವರು ಕೋರ್ಟಿಗೆ ಹೋದರು, ಅಕ್ಕ ಕೋರ್ಟಿನ ಪತ್ರಗಳಿಗೆ ಉತ್ತರಿಸಲಿಲ್ಲ, ತೀರ್ಪು ಸಾಲ ಕೊಟ್ಟವರ ಪರವಾಯಿತು.

ನಾನು ಆಗ ಕಾನೂನು ಓದಿ ಮುಗಿಸಿ, ಬರ್ಮಿಂಗ್‌ಹ್ಯಾಮ್‌ನಲ್ಲಿ ಸಾಲದಲ್ಲಿ ಸಿಕ್ಕಿಕೊಂಡವರಿಗೆ ಸಲಹೆ ಕೊಡುವ ಸಣ್ಣ ಕಚೇರಿಯೊಂದರಲ್ಲಿದ್ದೆ. ಈ ದೇಶದಲ್ಲಿ ಮಹಾಯುದ್ಧದ ನಂತರದ ಹಳೆಯ ಕಾನೂನೊಂದು ಇನ್ನೂ ಜಾರಿಯಲ್ಲಿದೆ. ಸೇವೆಗೆ ಕರೆಸಿಕೊಂಡ ರಿಸರ್ವ್ ಸೈನಿಕನ ಹಿಂದಿನ ಸಾಲಕ್ಕಾಗಿ ಅವನ ಆಸ್ತಿ ಜಪ್ತಿ ಮಾಡಬೇಕಾದರೆ, ತೀರ್ಪು ಕೈಯಲ್ಲಿದ್ದರೂ ಸಾಲದು, ಕೋರ್ಟಿನ ಅನುಮತಿ ಬೇರೆಯಾಗಿ ಪಡೆಯಬೇಕು. ಸೇವೆಯ ಕಾರಣದಿಂದಲೇ ಕಟ್ಟಲಾಗಲಿಲ್ಲ ಎಂದು ತೋರಿಸಿದರೆ ಕೋರ್ಟು ಅನುಮತಿ ನಿರಾಕರಿಸಬಹುದು. ಸಾಲವೇನೂ ಮನ್ನಾ ಆಗುವುದಿಲ್ಲ. ಆತ ವಾಪಸು ಬರುವ ತನಕ ಕಾಯುತ್ತದೆ, ಅಷ್ಟೆ.

ಸೋಮವಾರ ಸಾಲದ ಕಂಪನಿಗೆ ಅಕ್ಕನಿಂದಲೇ ಫೋನ್ ಮಾಡಿಸಿ, ಪಕ್ಕದಲ್ಲಿ ಕುಳಿತು ಸ್ಪೀಕರಿನಲ್ಲಿ ನಾನು ಮಾತಾಡಿದೆ. ಆ ಕಡೆಯ ಹೆಂಗಸು ಸೌಜನ್ಯದಿಂದಲೇ ಹೇಳಿದಳು: ಅವರು ಸೈನ್ಯದಲ್ಲಿಲ್ಲವಲ್ಲ, ಜರ್ಮನಿಯಲ್ಲಿ ಕೆಲಸಕ್ಕಿದ್ದಾರೆಂದು ಅವರ ಹೆಂಡತಿಯೇ ತಿಳಿಸಿದ್ದಾರೆ.

ಫೋನ್ ಇಟ್ಟ ಮೇಲೆ ಅಕ್ಕನನ್ನು ನೋಡಿದೆ.

"ಸಾಲ ಕೊಟ್ಟೋರಿಗೂ ಜರ್ಮನಿ ಅಂದ್ಯಾ?"

"ಎಲ್ಲರಿಗೂ ಹೇಳಿ ಹೇಳಿ ಬಾಯಿಗೆ ಅದೇ ಬಂತು. ಅವರ ಆಫೀಸಲ್ಲಿ ಕನ್ನಡದವರು ಯಾರಾದ್ರೂ ಇದ್ರೆ ಅಂತಾನೂ ಅನ್ನಿಸ್ತು."

"ಇದ್ದಿದ್ರೆ ಮೊದಲು ನಮ್ಮಮ್ಮಂಗೇ ಫೋನ್ ಮಾಡಿರೋರು ಬಿಡು."

ಅವಳು ನಕ್ಕಳು. ಬಹಳ ದಿನಗಳ ಮೇಲೆ ನಕ್ಕಂತಿತ್ತು.

ಸೈನ್ಯ ಕರೆಸಿಕೊಂಡದ್ದಕ್ಕೆ ಭಾವನ ದಳದಿಂದ ಪತ್ರ ಬಂತು. ಆದರೆ ಕಂತು ಹೋಗುತ್ತಿದ್ದದ್ದು ಫೋಟೋದ ಹಣದಿಂದ, ಅದು ನಿಂತದ್ದು ಅವರು ಹೊರಟುಹೋದದ್ದರಿಂದ ಎಂಬುದನ್ನೂ ತೋರಿಸಬೇಕಿತ್ತು. ಅದನ್ನು ಬರೆದುಕೊಡಬಲ್ಲವರು ಫೋಟೋ ತೆಗೆಸಿಕೊಂಡವರೇ. ಅಂದರೆ ಜರ್ಮನಿಯ ಕಥೆ ಕೇಳಿದವರೇ.

"ಕಾರು ಹೋದ್ರೆ ಹೋಗ್ಲಿ," ಎಂದಳು ಅಕ್ಕ. ಮತ್ತೆ, "ಬಸ್ಸಲ್ಲಿ ಹೋದ್ರೆ ದಿನಕ್ಕೆ ಎಷ್ಟು ಪೇಷಂಟ್ಸ್ ಆಗುತ್ತೆ?" ಎಂದು ಕೇಳಿದಳು. ಅವಳೇ ಕೋಟು ತೆಗೆದುಕೊಂಡಳು.

ಮೊದಲು ಹೋದದ್ದು ಹಾರ್ಬೋರ್ನ್‌ನ ಡಾಕ್ಟರ್ ಆಂಟಿಯ ಮನೆಗೆ. ಮೊಮ್ಮಗಳ ನಾಮಕರಣದಿಂದ ಹಿಡಿದು ಅವರ ಮನೆಯ ಎಲ್ಲ ಸಮಾರಂಭಗಳ ಫೋಟೋ ಭಾವನದೇ. ಆಂಟಿ ಅವರೆಕಾಳು ಹಿಚುಕುತ್ತ ಕುಳಿತಿದ್ದರು. ಅಕ್ಕ ನಿಂತೇ ಎಲ್ಲವನ್ನೂ ಹೇಳಿದಳು: ಸೈನ್ಯ, ಸೈಪ್ರಸ್, ಸಾಲ.

"ಕೂತ್ಕೋ ಮೊದಲು," ಎಂದರು ಆಂಟಿ. "ಜರ್ಮನಿ ಅಂದಿದ್ದು ನಾವು ನಂಬಿದ್ವಿ ಅಂದ್ಕೊಂಡಿದ್ಯಾ? ಬೆನ್ನಿಗೆ ಅಷ್ಟು ದೊಡ್ಡ ಹಸಿರು ಚೀಲ ಹಾಕ್ಕೊಂಡು, ಬೂಟ್ಸ್ ಹಾಕ್ಕೊಂಡು ನಿನ್ನ ಗಂಡ ನ್ಯೂ ಸ್ಟ್ರೀಟ್ ಸ್ಟೇಷನ್‌ನಲ್ಲಿ ನಿಂತಿದ್ದನ್ನ ನಮ್ಮೆಜಮಾನ್ರು ನೋಡಿದಾರೆ."

"ಮತ್ತೆ ಯಾಕೆ ಕೇಳ್ಲಿಲ್ಲ ಆಂಟಿ?"

"ನೀನು ಅಷ್ಟು ಚೆನ್ನಾಗಿ ಹೇಳ್ತಾ ಇದ್ದೆಯಲ್ಲ, ಯಾಕೆ ಮಧ್ಯ ಬಾಯಿ ಹಾಕೋದು ಅಂತ. ಮ್ಯೂನಿಕ್‌ನಲ್ಲಿ ಚಳಿ ಅಂತ ಬೇರೆ ಅಂದೆ." ಕಾಳಿನ ಪಾತ್ರೆಯನ್ನು ನನ್ನ ಕಡೆ ತಳ್ಳಿದರು. "ಏನು ಬರೀಬೇಕು ಹೇಳು. ನಾನು ಬರೆಯೋವರೆಗೂ ನೀನು ಇದನ್ನ ಹಿಚುಕು."

ಅವರು ಬರೆದರು. ಅವರೇ ಫೋನ್ ಮಾಡಿ ಇನ್ನೂ ನಾಲ್ಕಾರು ಮನೆಗಳವರಿಂದ ಬರೆಸಿದರು. ಆ ವಾರದೊಳಗೆ ಬಳಗಕ್ಕೆಲ್ಲ ಸುದ್ದಿ ತಲುಪಿತು. ಮೈಸೂರಿಗೂ ತಲುಪಿತು. ಭಾವನ ತಾಯಿ ಊಟ ಬಿಡಲಿಲ್ಲ. ಅಲ್ಲಿ ಅನ್ನ ಸಾರು ಸಿಗುತ್ತದೆಯೇ ಎಂದು ಮಾತ್ರ ಕೇಳಿದರು. ಪತ್ರಗಳನ್ನೆಲ್ಲ ಸಾಲದ ಕಂಪನಿಗೆ ಕಳಿಸಿದೆವು. ಭಾವ ಬಂದು ಮತ್ತೆ ಕ್ಯಾಮೆರಾ ಹಿಡಿಯುವ ತನಕ ಜಪ್ತಿಗೆ ಕೈ ಹಾಕುವುದಿಲ್ಲ ಎಂದು ಅವರ ಉತ್ತರ ಬಂದ ಗುರುವಾರ, ಅಕ್ಕ ಅದನ್ನು ಎರಡು ಸಲ ಓದಿ, ಬಿಸಿಬೇಳೆಭಾತ್ ಮಾಡಿದಳು. ಆ ರಾತ್ರಿ ನಾನು ಅಲ್ಲೇ ಉಳಿದೆ.

ಮರುದಿನ ಬೆಳಿಗ್ಗೆ ರಸ್ತೆಯೆಲ್ಲ ಮಂಜುಗಟ್ಟಿತ್ತು. ಅಕ್ಕ ತಲೆ ಬಾಚಿಕೊಳ್ಳುತ್ತಿದ್ದಾಗ ನಾನು ಹೊರಗೆ ಹೋಗಿ ಎಂಜಿನ್ ಚಾಲೂ ಮಾಡಿ, ಅವಳ ಮೊದಲ ಪೇಷಂಟಿಗೆ ತಡವಾಗದಿರಲೆಂದು, ನನ್ನ ಅವಧಿ ಮುಗಿದ ಲೈಬ್ರರಿ ಕಾರ್ಡಿನಿಂದ ಕಾರಿನ ಗಾಜಿನ ಮೇಲಿನ ಮಂಜನ್ನು ಕೆರೆದೆ.