ಜರಡಿ ಹಿಡಿದ ಮಣ್ಣು

ಪರೀಕ್ಷೆಗೆ ಬಂದ ಮಣ್ಣಿನ ಚೀಲ ಬಿಚ್ಚಿದರೆ ಮೊದಲು ಮೂಗಿಗೆ ಬರುವುದು ಬಿಸಿಲಿನ ವಾಸನೆ. ಲಿಂಗಸುಗೂರಿನ ನಮ್ಮ ರೈತ ಸಲಹಾ ಕೇಂದ್ರದಲ್ಲಿ ದಿನಕ್ಕೆ ಹತ್ತು ಚೀಲವಾದರೂ ಬಿಚ್ಚುತ್ತೇನೆ. ಇವತ್ತು ಗುರುಗುಂಟಾದ ಹೆಣ್ಣುಮಗಳೊಬ್ಬಳು ತಂದ ಮಣ್ಣು ಹಿಟ್ಟಿನಂತೆ ನುಣ್ಣಗಿತ್ತು. ಹರಳಿಲ್ಲ, ಬೇರಿಲ್ಲ. ಬಳಗಾನೂರಿನ ಶಾಂತವ್ವ ನೆನಪಾದಳು.

ಆಗ ನಾನು ಸಿಂಧನೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಕೇಳಿದವರಿಗೂ ಕೇಳದವರಿಗೂ ಸಲಹೆ ಕೊಡುವ ವಯಸ್ಸು ನೋಡಿ! ಶಾಂತವ್ವ ಎರಡೆಕರೆ ಗದ್ದೆಯನ್ನು ಒಬ್ಬಳೇ ನಡೆಸುವ ಗಟ್ಟಿಗಿತ್ತಿ. ತಗ್ಗಿನ ಮಡಿಯಲ್ಲಿ ಭತ್ತ ಏಳುತ್ತಿಲ್ಲವೆಂದು ಬಂದಿದ್ದಳು.

“ಆ ಮಡಿ ಹೋತಂದ್ರ ನಾ ಮಂದಿ ಹೊಲದಾಗ ಕೂಲಿ ಮಾಡಬೇಕ್ರಿ, ಸಾಹೇಬ್ರ” ಅಂದಳು.

ಮಣ್ಣು ತರಲು ಹೇಳಿದೆ, ತಂದಳು. ಫಲಿತಾಂಶ ಚೆನ್ನಾಗಿಯೇ ಬಂತು. “ಮಣ್ಣು ಚಲೋ ಐತಿ ಯವ್ವಾ, ಯೂರಿಯಾ ಕಡಿಮಿ ಮಾಡ್ರಿ ಸಾಕು” ಎಂದು ದೊಡ್ಡ ಡಾಕ್ಟರನ ಗತ್ತಿನಲ್ಲಿ ಹೇಳಿ ಕಳಿಸಿದೆ. ಹೊಲ ಮಾತ್ರ ನೋಡಲಿಲ್ಲ. ಆ ಹಂಗಾಮಿನಲ್ಲೂ ಮಡಿ ಕೆಂಪಗೆ ಸುಟ್ಟುಹೋಯಿತು.

ಕೊನೆಗೆ ಶಾಂತವ್ವನ ಜೊತೆ ಹೋಗಿ ಬದುವಿನ ಮೇಲೆ ನಿಂತೆ. ಮಡಿಯ ತುಂಬ ಸುಣ್ಣ ಚೆಲ್ಲಿದಂತೆ ಚೌಳು, ಬೆಳೆ ಸುಡುವ ಉಪ್ಪು.

“ಈ ಬಿಳೀ ಮಣ್ಣು ಚೀಲದಾಗ ಇರಲಿಲ್ಲಲ್ಲ, ಯವ್ವಾ?”

“ಹೊರಗಿನವರ ಕೈಗೆ ಕೊಡೂ ಮಣ್ಣು, ಹೆಂಗ ಬೇಕಂಗ ಕೊಡಾಕ ಬರ್ತೈತೇನ್ರಿ? ಬಿಳೇದು ಬಿಟ್ಟು ಕರೇದು ಆರಿಸಿ, ಹಿಟ್ಟಿನ ಜರಡಿ ಹಿಡದು ಕೊಟ್ಟೀನಿ.”

ನನಗೆ ನಗು ಬರಲಿಲ್ಲ, ನಾಚಿಕೆಯಾಯಿತು. ನಮ್ಮ ಕಡೆ ಬೀಗರು ಬಂದರೆ ಹರಿದ ಚಾಪೆಯನ್ನು ಒಳಗೆ ಸುತ್ತಿಡುತ್ತಾರೆ, ನಮ್ಮವ್ವನೂ ಹಾಗೆಯೇ. ಮಣ್ಣು ಹೇಗೆ ಅಗೆಯಬೇಕೆಂದು ಆಕೆಗೆ ಹೇಳಿದ್ದೆ, ಏಕೆಂದು ಹೇಳಿರಲಿಲ್ಲ. ಆಕೆಯ ಒಂದು ಬೆಳೆ ನನ್ನ ಗತ್ತಿಗೆ ಹೋಗಿತ್ತು.

“ತಪ್ಪು ನಂದು” ಅಂದೆ.

“ತಪ್ಪು ಆಮ್ಯಾಲೆ ಹಂಚಿಕೊಳ್ಳೂಣು. ಈಗ ಏನ್ ಮಾಡೂಣು, ಅದು ಹೇಳ್ರಿ” ಅಂದಳು.

ಮಡಿಯ ಅಂಚಿಗೆ ಬಸಿಗಾಲುವೆ ತೋಡಿದೆವು. ಮಡಿಯಲ್ಲಿ ಸಿಹಿನೀರು ತುಂಬಿ ನಿಲ್ಲಿಸಿ, ಉಪ್ಪು ಕರಗಿದ ಮೇಲೆ ಬಸಿದು, ಮತ್ತೆ ತುಂಬಿದೆವು. ಹಸಿರೆಲೆ ಗೊಬ್ಬರಕ್ಕೆಂದು ಡಯಂಚ ಬಿತ್ತಿ, ಹೂವಾಡುವ ಮೊದಲೇ ಮಣ್ಣಿಗೆ ತುಳಿದೆವು. ಅವಸರವೇನೂ ನಡೆಯಲಿಲ್ಲ, ಮೂರನೆಯ ವರ್ಷ ಆ ಮಡಿಯ ಭತ್ತ ಮೊಣಕಾಲು ದಾಟಿತು. ಶಾಂತವ್ವ ಕೂಲಿಗೆ ಹೋಗಲಿಲ್ಲ.

ಇವತ್ತು ಗುರುಗುಂಟಾದವಳಿಗೆ ಚೀಟಿ ಬರೆಯದೆ ಎದ್ದು ನಿಂತೆ.

“ತಂಗೀ, ಮಂದಿಗೆ ತೋರಿಸಾಕ ನಾಚಿಕಿ ಬರೂ ಜಾಗ ನಿನ್ನ ಹೊಲದಾಗ ಯಾವುದೈತಿ? ನಡಿ, ಅಲ್ಲಿಗೇ ಹೋಗೂಣು.”

ಆಕೆ ನೆಲ ನೋಡಿದಳು, ಸೆರಗು ಸರಿಮಾಡಿಕೊಂಡಳು, ಆಮೇಲೆ ಮೆಲ್ಲಗೆ ಕೇಳಿದಳು:

“ಅಂಥಾವು ನಾಕು ಅದಾವ್ರಿ. ಯಾವುದಕ್ಕ ಮೊದಲು?”