ಬಿಸಿಲಿನಲ್ಲಿ ಕೈಗವಸು

ಯರಗಟ್ಟಿಯ ಟ್ರ್ಯಾಕ್ಟರ್ ಮಿಸ್ತ್ರಿ ಏಪ್ರಿಲ್ ಬಿಸಿಲಲ್ಲೂ ಉಣ್ಣೆಯ ಕೈಗವಸು ಹಾಕಿಕೊಂಡೇ ನಟ್ಟು ಬಿಚ್ಚುತ್ತಿದ್ದರು. ನರ್ಸ್ ಕೆಲಸ ಸಿಕ್ಕು ಮೊದಲೇ ಕೆನಡಾ ಸೇರಿದ್ದ ಹೆಂಡತಿ ಅವನ್ನು ಕಳಿಸಿದ್ದರು. ಮಿಸ್ತ್ರಿಯೂ ಅಲ್ಲಿಗೆ ಹೋಗಲೆಂದು ಕಾಯಂ ವಾಸದ ಅರ್ಜಿ ತುಂಬಿಕೊಟ್ಟವನು ಅವರ ಶೆಡ್ಡಿನ ಪಕ್ಕದ ಶಾಲೆಯ ಮಾಸ್ತರನಾದ ನಾನು. ಎರಡು ವರ್ಷವಾದರೂ ಒಪ್ಪಿಗೆ ಬಂದಿರಲಿಲ್ಲ.

“ಅಲ್ಲಿ ಥಂಡ್ಯಾಗ ಕಬ್ಬಿಣ ಕೈಗೆ ಅಂಟಿಕೋತೈತಂತ್ರಿ, ಮಾಸ್ತರ್ರ. ಈಗಿಂದನ ರೂಢಿ ಆಗ್ಲಿ,” ಎನ್ನುತ್ತಿದ್ದರು.

ನಟ್ಟು ಜಾರಿ ಬಿದ್ದಾಗಲೆಲ್ಲ ಕಾದು ಕುಳಿತ ರೈತರು ನಗುತ್ತಿದ್ದರು. ಮಿಸ್ತ್ರಿಯೂ ನಕ್ಕು, “ರೂಢಿ ಆಗ್ಲಿ,” ಎನ್ನುತ್ತ ಮಣ್ಣಿನಲ್ಲಿ ನಟ್ಟು ಹುಡುಕುತ್ತಿದ್ದರು. ಕೈಗವಸು ಮಾತ್ರ ತೆಗೆಯುತ್ತಿರಲಿಲ್ಲ.

ಕೊನೆಗೊಂದು ಮಧ್ಯಾಹ್ನ ಕಾಗದ ಬಂತು. ನನ್ನನ್ನು ಶೆಡ್ಡಿಗೆ ಕರೆಸಿ ಓದಿಸಿದರು.

“ಒಪ್ಪಿಗಿ ಸಿಕ್ಕೈತಿ, ಮಿಸ್ತ್ರಿ. ಇನ್ನ ಹೊಂಡ್ರಿ,” ಎಂದೆ.

ಕುಣಿದಾಡುತ್ತಾರೆ ಅಂದುಕೊಂಡಿದ್ದೆ. ಅವರು ಎರಡೂ ಕೈಗವಸು ಕಳಚಿ ನನ್ನ ಕೈಗೆ ಕೊಟ್ಟರು. ಬೆಳಗಿನಿಂದ ಬಿಸಿಲಲ್ಲಿ ನಿಂತಿದ್ದ ಟ್ರ್ಯಾಕ್ಟರಿನ ಬಾನೆಟ್ ಮೇಲೆ ಬರಿಯ ಅಂಗೈ ಇಟ್ಟರು.

“ಅಯ್ಯ, ಸುಡತೈತಲ್ರಿ!” ಎಂದು ನಾನೇ ಗಾಬರಿಯಾದೆ.

“ಸುಡ್ಲಿ ಬಿಡ್ರಿ, ಮಾಸ್ತರ್ರ. ಅಲ್ಲಿ ಈ ಬಿಸಿ ಎಲ್ಲಿ ಸಿಗತೈತಿ,” ಎಂದರು. ಕೈ ತೆಗೆಯಲಿಲ್ಲ.