ದೊಡ್ಡವ್ವನ ಕನ್ನಡಕದ ನಂಬರು ಸೊನ್ನೆ

ನಮ್ಮ ದೊಡ್ಡವ್ವ ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಕನ್ನಡಕ ತೆಗೆದಿಡುತ್ತಾಳೆ. ಸೂಜಿಗೆ ದಾರ ಪೋಣಿಸುವಾಗಲೂ ತೆಗೆದಿಡುತ್ತಾಳೆ. ಮತ್ತೆ ಹಾಕಿಕೊಳ್ಳುವುದು ಯಾವಾಗ? ಹೊಸಿಲು ದಾಟಿ ಬೀದಿಗಿಳಿದಾಗ!

ಕಾರಣ ಸರಳ. ಅದು ಬರೀ ಗಾಜು.

ಎರಡು ವರ್ಷಗಳ ಹಿಂದೆ ದೊಡ್ಡವ್ವ ನಿದ್ದೆ ಬಿಟ್ಟಳು, ಊಟ ಬಿಟ್ಟಳು, ಕೊನೆಗೆ ಜಗಳವಾಡುವುದನ್ನೂ ಬಿಟ್ಟಳು. ಆಗ ಮನೆಯವರಿಗೆ ನಿಜವಾದ ಗಾಬರಿಯಾಯಿತು. ಮೊಳಕಾಲ್ಮುರು ತಾಲ್ಲೂಕಿನ ನಮ್ಮೂರಿನಿಂದ ರಾಂಪುರಕ್ಕೆ ಹೋಗಿ, ಅಲ್ಲಿ ಬಳ್ಳಾರಿ ಬಸ್ಸು ಹಿಡಿದು ಮನೋವೈದ್ಯರೊಬ್ಬರಿಗೆ ತೋರಿಸಿದೆವು. ಮಾತ್ರೆ ಕೆಲಸ ಮಾಡಿತು. ಪಕ್ಕದ ಮನೆಯ ಓಬಮ್ಮನ ಕೋಳಿಗಳನ್ನು ಬೈಯುವಷ್ಟು ಆರೋಗ್ಯ ಮರಳಿತು. ಆದರೆ ಮಾತ್ರೆ ನಿಲ್ಲಿಸುವಂತಿಲ್ಲ. ನಮಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಅದು ಸಿಗುವಂತಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ಬಳ್ಳಾರಿ.

ಏಕೆ ಹೋಗುತ್ತೀಯೆಂದು ಊರು ಕೇಳದೆ ಬಿಡುತ್ತದೆಯೇ? “ಕಣ್ಣು ತೋರ್ಸಾಕೆ” ಎಂದಳು ದೊಡ್ಡವ್ವ. ಹೇಳಿದ ಮೇಲೆ ಸಾಕ್ಷಿ ಬೇಡವೇ? ಬಸ್ ಸ್ಟ್ಯಾಂಡಿನ ಎದುರು ಒಂದು ಕನ್ನಡಕ ಕೊಂಡಳು. (ಚಳ್ಳಕೆರೆಯಲ್ಲಿದ್ದು ಪತ್ರಿಕೆಗೆ ಬರೆಯುವ ನಾನೂ ಅಲ್ಲಿ ಯಾರಾದರೂ ಕೇಳಿದರೆ ‘ಕಣ್ಣು’ ಎಂದೇ ಹೇಳುತ್ತಿದ್ದೆ. ಯೂನಿವರ್ಸಿಟಿಯಲ್ಲಿ ಮಾನಸಿಕ ಆರೋಗ್ಯದ ಕುರಿತು ಭಾಷಣ ಮಾಡಿ ಕಪ್ ಗೆದ್ದವನು ನಾನು. ಕಪ್ ಈಗಲೂ ಹೊಳೆಯುತ್ತಿದೆ.)

ಸುಳ್ಳು ಅಚ್ಚುಕಟ್ಟಾಗಿದ್ದರೆ ಊರೇ ಅದನ್ನು ಕಡ ತೆಗೆದುಕೊಳ್ಳುತ್ತದೆ. ವರ್ಷ ಕಳೆಯುವಷ್ಟರಲ್ಲಿ ಬಳ್ಳಾರಿ ಬಸ್ಸಿನಲ್ಲಿ ನಮ್ಮೂರ ಕನ್ನಡಕಗಳು ಹೆಚ್ಚಾದವು. ಓಬಮ್ಮನೂ ಒಂದನ್ನು ಏರಿಸಿದಳು. ಮನೋವೈದ್ಯರ ಬಾಗಿಲಲ್ಲಿ ಎದುರಾದರೆ? ಕನ್ನಡಕವಿದ್ದೂ ಕಾಣದವರಂತೆ ಕೂರುತ್ತಿದ್ದರು.

ಇದನ್ನೆಲ್ಲ ಗಮನಿಸಿದ ಪಂಚಾಯಿತಿ ಮೆಂಬರು (ಒಳ್ಳೆಯ ಮನುಷ್ಯ) ಊರಿಗೆ ಕಣ್ಣಿನ ಕಾಯಿಲೆ ಹಬ್ಬಿದೆಯೆಂದು ಅರ್ಜಿ ಹಾಕಿದರು. ಆಶ್ಚರ್ಯವೆಂದರೆ, ಸರ್ಕಾರ ಸ್ಪಂದಿಸಿತು! ಕಳೆದ ಬುಧವಾರ ಶಾಲೆಯ ಅಂಗಳದಲ್ಲಿ ಶಾಮಿಯಾನ, ಮೈಕು, ಉಚಿತ ನೇತ್ರ ತಪಾಸಣಾ ಶಿಬಿರ.

ಅದೇ ವಾರ ಬಸ್ಸಿನವರ ಮುಷ್ಕರ. ದೊಡ್ಡವ್ವನ ಡಬ್ಬಿಯಲ್ಲಿ ಉಳಿದದ್ದು ಎರಡೇ ಮಾತ್ರೆ. ಹಿಂದೊಮ್ಮೆ ಮಾತ್ರೆ ತಪ್ಪಿದಾಗ ಆಕೆ ವಾರವಿಡೀ ಗೋಡೆ ನೋಡುತ್ತ ಕೂತದ್ದನ್ನು ನಾವು ಮರೆತಿಲ್ಲ. ಆಕೆಯಂತೂ ಮರೆತಿಲ್ಲ. ಶಿಬಿರಕ್ಕೆ ಒಲ್ಲೆ ಎಂದಳು. ಮೆಂಬರು ಬಿಡಲಿಲ್ಲ.

“ನಿಮಗೋಸ್ಕರಾನೇ ಕರ್ಸೀವಿ. ನೀವೇ ಬರ್ಲಿಲ್ಲಾಂದ್ರೆ ಹೆಂಗ್ರಿ ಗೌರಮ್ಮಾ?”

ಕೊನೆಗೂ ಶಿಬಿರಕ್ಕೆ ಬಂದ ದೊಡ್ಡವ್ವ ಅಕ್ಷರಗಳ ಪಟ್ಟಿಯನ್ನು ಕೊನೆಯ ಸಾಲಿನವರೆಗೂ ಪಟಪಟನೆ ಓದಿದಳು. ಕಣ್ಣಿನ ಡಾಕ್ಟರಮ್ಮ ಆಕೆಯ ಕನ್ನಡಕವನ್ನು ಬೆಳಕಿಗೆ ಹಿಡಿದರು.

“ಅಮ್ಮಾ, ಇದರಲ್ಲಿ ನಂಬರೇ ಇಲ್ಲ. ಯಾರು ಕೊಟ್ಟರು ನಿಮಗೆ?”

ಸಾಲಿನಲ್ಲಿದ್ದವರ ಕೈ ತಮ್ಮ ತಮ್ಮ ಕನ್ನಡಕಕ್ಕೆ ಹೋಯಿತು. ದೊಡ್ಡವ್ವ ಒಂದು ಕ್ಷಣ ಪಕ್ಕದಲ್ಲಿದ್ದ ನನ್ನತ್ತ ನೋಡಿದಳು. ಆಮೇಲೆ ಡಾಕ್ಟರತ್ತ ತಿರುಗಿದಳು.

“ಕಣ್ಣು ನೆಟ್ಟಗೈತಮ್ಮಾ. ನಂಗಿರೋದು ಮನಸಿನ ಕಾಯ್ಲೆ. ಅದ್ರ ಮಾತ್ರೆ ಐತಾ ನಿಮ್ಮತ್ರ?”

ಹಿಂದಿನಿಂದ ಓಬಮ್ಮನ ದನಿ: “ಅಯ್ಯೋ ದೇವುಡಾ! ಇದ್ರೆ ನಂಗೂ ಕೇಳು ಗೌರಕ್ಕಾ. ನಂದೂ ಅದೇ ಚೀಟಿ.”

“ಗೊತ್ತೈತೆ ಬಿಡೇ. ಬಳ್ಳಾರಿ ಬೆಂಚಿನ ಮ್ಯಾಲೆ ನನ್ನ ಕಂಡು ಮಖ ತಿರುವಿದೋಳು ನೀನೇ ಅಲ್ವಾ?”

ಶಿಬಿರ ನೋಡಲು ಬಂದಿದ್ದ ಆರೋಗ್ಯ ಇಲಾಖೆಯ ಅಧಿಕಾರಿಯೊಬ್ಬರು ಗಂಟಲು ಸರಿಪಡಿಸಿಕೊಂಡರು. “ಈ ಭಾಗದಿಂದ ಅಂಥ ಬೇಡಿಕೆಯೇ ಬಂದಿಲ್ಲ. ಬೇಡಿಕೆ ಇಲ್ಲದೆ ಔಷಧಿ ತರಿಸಲಾಗುವುದಿಲ್ಲ.”

ಸ್ವಾಮಿ, ಔಷಧಿಯೇ ಇಲ್ಲದ ಕಡೆ ಹೋಗಿ ಯಾರು ಕೇಳುತ್ತಾರೆ? ಯಾರೂ ಕೇಳದ ಕಡೆಗೆ ನೀವು ತರಿಸುವುದಾದರೂ ಯಾವಾಗ? ರೋಗಿ ನಾಚಿಕೊಂಡು ಸುಳ್ಳು ಹೇಳುವುದು ಅರ್ಥವಾಗುತ್ತದೆ. ಇಲಾಖೆಗೇನು ನಾಚಿಕೆ? ನಾವು ಹೊಸ ಕಟ್ಟಡ ಕೇಳುತ್ತಿಲ್ಲ. ಇರುವ ಆಸ್ಪತ್ರೆಯಲ್ಲೇ ತಿಂಗಳಿಗೊಂದು ದಿನ ಒಬ್ಬ ಮನೋವೈದ್ಯರು, ಉಳಿದ ದಿನಗಳಲ್ಲಿ ತಪ್ಪದೆ ಮಾತ್ರೆ. ಕಣ್ಣಿಗೆ ಶಾಮಿಯಾನ ಹಾಕಬಲ್ಲವರಿಗೆ ಇಷ್ಟೂ ಆಗದೇ?

ಅಲ್ಲೇ ಅರ್ಜಿ ಬರೆಯಲು ಕೂತೆ. ‘ಗ್ರಾಮಸ್ಥರಾದ ನಾವು’ ಎಂದು ಗಾಂಭೀರ್ಯದಿಂದ ಶುರು ಮಾಡಿದ್ದೆ. ದೊಡ್ಡವ್ವ ಪೆನ್ನು ತಡೆದಳು.

“ಗ್ರಾಮಸ್ಥರಿಗೆಲ್ಲಿ ಬಂದೈತಲೇ? ನಂಗ್ ಬಂದೈತೆ. ನನ್ ಹೆಸ್ರು ಬರಿ. ಕಾಯ್ಲೆ ಹೆಸ್ರೂ ಬರಿ. ಬೇಕಾದ್ರೆ ನಿನ್ ಪೇಪರ್ನಾಗೂ ಬರಿ.”

ಬರೆದೆ. ಅದರ ಕೆಳಗೆ ಓಬಮ್ಮನ ಹೆಬ್ಬೆಟ್ಟು. ಅದರ ಕೆಳಗೆ ಇನ್ನೂ ಏಳು ಹೆಸರು.

ಮರುದಿನ ಮೆಂಬರೇ ಎಲ್ಲರ ಚೀಟಿ ಹಿಡಿದು, ಬೈಕಿನಲ್ಲಿ ಬಳ್ಳಾರಿಗೆ ಹೋಗಿ ಮಾತ್ರೆ ತಂದರು. ಅವರಿಗೆ ಊರು ಋಣಿ. ಆದರೆ ಮೆಂಬರ ಬೈಕು ಆರೋಗ್ಯ ನೀತಿಯಲ್ಲ. ಅದಕ್ಕೂ ಒಂದು ದಿನ ಪಂಕ್ಚರ್ ಆಗುತ್ತದೆ.

ತನ್ನ ಕಾಯಿಲೆಯ ಕೆಳಗೆ ತನ್ನ ಹೆಸರು ಬರೆಸಲು ದೊಡ್ಡವ್ವನಿಗೆ ಎರಡು ವರ್ಷ ಹಿಡಿಯಿತು. ಸಾಹೇಬರೇ, ಆ ಅರ್ಜಿಯ ಕೆಳಗೆ ‘ಮಂಜೂರು’ ಎಂದು ನಿಮ್ಮ ಹೆಸರು ಬರೆಯಲು ಎಷ್ಟು ಹಿಡಿದೀತು?